ಒಂದೇ ಮನೆಗೆ ಎರಡು ಅಡುಗೆಕೋಣೆ

ಚೀನಾದ ಶಾಂಘೈ ನಗರದಲ್ಲಿ ಅನುಕೂಲಸ್ಥರು ಈಚೆಗೆ ಕಟ್ಟಿಸಿಕೊಂಡ ದೊಡ್ಡ ಫ್ಲಾಟುಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಒಂದೇ ಮನೆಗೆ ಎರಡು ಅಡುಗೆಕೋಣೆ. ಮೊದಲನೆಯದು ಊಟದ ಮೇಜಿನ ಪಕ್ಕದಲ್ಲೇ ಇರುತ್ತದೆ. ಅದಕ್ಕೆ ಗೋಡೆಯಿಲ್ಲ. ನುಣುಪಾದ ಕಲ್ಲಿನ ಕಟ್ಟೆ, ಕಾಫಿಯ ಯಂತ್ರ, ಬ್ರೆಡ್ಡು ಬೇಯಿಸುವ ಓವನ್ ಎಲ್ಲವೂ ಬಂದವರ ಕಣ್ಣಿಗೆ ಬೀಳುವಂತೆ ಜೋಡಿಸಿರುತ್ತವೆ. ಎರಡನೆಯದು ಅದರ ಬೆನ್ನಿಗೆ, ಗಾಜಿನ ಜಾರುಬಾಗಿಲಿನ ಆಚೆ. ಅಲ್ಲಿ ದೊಡ್ಡ ಉರಿಯ ಗ್ಯಾಸ್ ಒಲೆ, ತಳ ದುಂಡಗಿನ ಕಬ್ಬಿಣದ ಬಾಣಲೆ, ನೆತ್ತಿಯ ಮೇಲೆ ಹೊಗೆ ಎಳೆಯುವ ಯಂತ್ರ. ಮೊದಲನೆಯದಕ್ಕೆ ‘ಪಶ್ಚಿಮದ ಅಡುಗೆಮನೆ’ ಎಂದೂ ಎರಡನೆಯದಕ್ಕೆ ‘ಚೀನೀ ಅಡುಗೆಮನೆ’ ಎಂದೂ ಹೆಸರು.

ಇದನ್ನು ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವ ಮುನ್ನ ಕಾರಣ ಕೇಳಬೇಕು. ಚೀನೀಯರ ನಿತ್ಯದ ಅಡುಗೆಯಲ್ಲಿ ಬಾಣಲೆ ಕೆಂಪಗೆ ಕಾಯಬೇಕು, ಎಣ್ಣೆ ಹೊಗೆಯಾಡಬೇಕು, ತರಕಾರಿ ಕ್ಷಣಾರ್ಧದಲ್ಲಿ ಹುರಿದು ಹೊರಬರಬೇಕು. ಆ ಎಣ್ಣೆಹೊಗೆ ತೆರೆದ ಅಡುಗೆಮನೆಯಿಂದ ಹೊರಟು ಸೋಫಾದ ಬಟ್ಟೆ, ಕಿಟಕಿಯ ಪರದೆ, ಪುಸ್ತಕದ ಕಪಾಟು ಎಲ್ಲಕ್ಕೂ ಜಿಡ್ಡು ಹಚ್ಚುತ್ತದೆ. ನಮ್ಮಲ್ಲಿ ಒಗ್ಗರಣೆಯ ಘಾಟಿಗೆ ಮನೆಯವರೆಲ್ಲ ಸೀನುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಶ್ಚಿಮದ ಪತ್ರಿಕೆಗಳಲ್ಲಿ ಕಂಡ ತೆರೆದ ಅಡುಗೆಮನೆ ಬೇಕು, ಅಜ್ಜಿಯ ಕೈರುಚಿಯನ್ನೂ ಬಿಡಲಾಗದು. ಎರಡರ ನಡುವೆ ಆದ ರಾಜಿಯೇ ಆ ಗಾಜಿನ ಬಾಗಿಲು.

ಎರಡು ಸಂಸ್ಕೃತಿಗಳು ಒಂದೇ ಸೂರಿನಡಿ ಹೇಗೆ ಬಾಳುತ್ತವೆ ಎಂಬುದು ಶಾಂಘೈಗೆ ಹೊಸ ಪ್ರಶ್ನೆಯಲ್ಲ. ಆ ಊರು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಅದಕ್ಕೆ ಉತ್ತರ ಹುಡುಕುತ್ತಲೇ ಇದೆ.

ಕಲ್ಲುಬಾಗಿಲಿನ ವಠಾರ

1842ರಲ್ಲಿ ಮೊದಲನೆಯ ಅಫೀಮು ಯುದ್ಧದಲ್ಲಿ ಸೋತ ಚೀನಾ, ನಾನ್‌ಜಿಂಗ್ ಒಪ್ಪಂದದಂತೆ ಐದು ಬಂದರುಗಳನ್ನು ಬ್ರಿಟಿಷ್ ವ್ಯಾಪಾರಕ್ಕೆ ತೆರೆಯಬೇಕಾಯಿತು. ಶಾಂಘೈ ಅವುಗಳಲ್ಲೊಂದು. 1845ರಲ್ಲಿ ಅಲ್ಲಿ ಬ್ರಿಟಿಷರ ವಸಾಹತು, 1849ರಲ್ಲಿ ಫ್ರೆಂಚರ ವಸಾಹತು ಹುಟ್ಟಿಕೊಂಡವು. ಆರಂಭದಲ್ಲಿ ಇವು ವಿದೇಶೀಯರಿಗೆ ಮೀಸಲಾದ ಜಾಗಗಳಾಗಿದ್ದವು. ಆದರೆ 1853ರಲ್ಲಿ ದಂಗೆಕೋರರು ಕೋಟೆಯೊಳಗಿನ ಹಳೆಯ ಊರನ್ನು ಹಿಡಿದರು. ಅದರ ಬೆನ್ನಿಗೇ ತೈಪಿಂಗ್ ದಂಗೆಯ ಬೆಂಕಿ ಸುತ್ತಲ ಸೀಮೆಗಳಿಗೆ ಹಬ್ಬಿತು. ಜೀವ ಉಳಿಸಿಕೊಳ್ಳಲು ಸಾವಿರಾರು ಚೀನೀ ಕುಟುಂಬಗಳು ವಿದೇಶೀಯರ ವಸಾಹತಿಗೆ ಓಡಿಬಂದವು. ಬಂದವರಲ್ಲಿ ಹಣವಿದ್ದ ಜಮೀನುದಾರರೂ ವರ್ತಕರೂ ಇದ್ದರು.

ವಿದೇಶೀ ವರ್ತಕರಿಗೆ ಅಫೀಮು, ಚಹಾ, ರೇಷ್ಮೆಗಳ ಜೊತೆಗೆ ಇನ್ನೊಂದು ಲಾಭದ ಕಸುಬು ಸಿಕ್ಕಿತು: ಬಾಡಿಗೆ ಮನೆ ಕಟ್ಟುವುದು. ಮೊದಲು ಮರದ ಸಾಲುಮನೆಗಳನ್ನು ಅವಸರದಲ್ಲಿ ಎಬ್ಬಿಸಿದರು. ಬೆಂಕಿಯ ಭಯದಿಂದ ಅವುಗಳಿಗೆ ತಡೆ ಬಿತ್ತು. 1870ರ ದಶಕದಿಂದ ಇಟ್ಟಿಗೆ ಮತ್ತು ಮರ ಸೇರಿಸಿದ ಹೊಸ ಬಗೆಯ ಮನೆ ಬಂತು. ಅದಕ್ಕೆ ‘ಶಿಕುಮೆನ್’, ಅಂದರೆ ಕಲ್ಲುಬಾಗಿಲಿನ ಮನೆ ಎಂಬ ಹೆಸರು ನಿಂತಿತು.

ಈ ಮನೆಯ ನಕ್ಷೆಯಲ್ಲಿ ಎರಡು ಊರುಗಳ ಬುದ್ಧಿ ಕೆಲಸ ಮಾಡಿದೆ. ಹೊರಗಿನಿಂದ ನೋಡಿದರೆ ಅದು ಇಂಗ್ಲೆಂಡಿನ ಕೈಗಾರಿಕಾ ಪಟ್ಟಣದ ಸಾಲುಮನೆ. ಒಂದರ ಗೋಡೆ ಇನ್ನೊಂದಕ್ಕೂ ಗೋಡೆ. ಎರಡು ಸಾಲುಗಳ ನಡುವೆ ಕಿರಿದಾದ ಓಣಿ. ಓಣಿಯ ಬಾಯಿಗೆ ಒಂದು ಕಮಾನು, ರಾತ್ರಿ ಮುಚ್ಚುವ ಬಾಗಿಲು. ಬೆಂಗಳೂರು ಮೈಸೂರುಗಳ ಹಳೆಯ ವಠಾರಗಳನ್ನು ಬಲ್ಲವರು ಇದನ್ನು ಸುಲಭವಾಗಿ ಕಲ್ಪಿಸಿಕೊಳ್ಳಬಹುದು. ಪ್ರತಿ ಮನೆಗೂ ಕಲ್ಲಿನ ಚೌಕಟ್ಟು, ಅದರಲ್ಲಿ ಕಪ್ಪು ಬಣ್ಣದ ದಪ್ಪ ಮರದ ಎರಡು ಕದ, ಕದಗಳಿಗೆ ಬಳೆಯಂಥ ಹಿಡಿ. ಬಾಗಿಲ ನೆತ್ತಿಯ ಮೇಲೆ ಮೊದಮೊದಲು ಚೀನೀ ಅಕ್ಷರಗಳ ಶುಭವಾಕ್ಯ. ಮುಂದೆ ಯೂರೋಪಿನ ಇಗರ್ಜಿಗಳಲ್ಲಿ ಕಾಣುವ ತ್ರಿಕೋನ, ಅರ್ಧಚಂದ್ರ, ಬಳ್ಳಿ ಹೂಗಳು ಅಲ್ಲಿ ಬಂದು ಕುಳಿತವು.

ಕದ ತೆಗೆದು ಒಳಗೆ ಹೆಜ್ಜೆಯಿಟ್ಟರೆ ಅದು ಚೀನೀ ಮನೆ. ಎದುರಿಗೆ ಸಣ್ಣದೊಂದು ಅಂಗಳ. ಇದಕ್ಕೆ ಚೀನೀ ಭಾಷೆಯಲ್ಲಿ ‘ಟಿಯೆನ್‌ಜಿಂಗ್’ ಎಂದರೆ ‘ಆಕಾಶದ ಬಾವಿ’ ಎನ್ನುತ್ತಾರೆ. ನಮ್ಮ ತೊಟ್ಟಿಮನೆಯ ತೊಟ್ಟಿಯಂತೆ ಗಾಳಿ, ಬೆಳಕು, ಮಳೆ ಎಲ್ಲಕ್ಕೂ ಅದೇ ದಾರಿ. ಅಂಗಳದಾಚೆ ಮಧ್ಯಕ್ಕೆ ಹಜಾರ, ಎರಡು ಪಕ್ಕಕ್ಕೂ ಕೋಣೆಗಳು. ದಕ್ಷಿಣದ ಹಳ್ಳಿಗಾಡಿನಲ್ಲಿ ಎಕರೆಗಟ್ಟಲೆ ಹರಡಿಕೊಂಡಿದ್ದ ಅಂಗಳದ ಮನೆಯನ್ನು ನಾಲ್ಕಾರು ಮಾರು ಅಗಲದ ನಿವೇಶನಕ್ಕೆ ಹಿಂಡಿ ಕೂರಿಸಿದ್ದೇ ಶಿಕುಮೆನ್. ಕಾಲ ಸರಿದು ನೆಲದ ಬೆಲೆ ಏರಿದಂತೆ ಪಕ್ಕದ ಕೋಣೆಗಳು ಮಾಯವಾದವು, ಮನೆ ಇನ್ನೂ ಸಪುರವಾಯಿತು. ಆದರೂ ಅಂಗಳ ಮತ್ತು ಅದರ ನೇರಕ್ಕಿದ್ದ ಹಜಾರ ಬಹುಕಾಲ ಉಳಿದವು.

ಈ ಮನೆಗಳ ಅತ್ಯಂತ ಪ್ರಸಿದ್ಧ ಕೋಣೆ ಎಂದರೆ ಅತ್ಯಂತ ಕೆಟ್ಟ ಕೋಣೆ. ಮೆಟ್ಟಿಲು ಅರ್ಧ ಏರಿ ತಿರುಗುವಲ್ಲಿ, ಕೆಳಗಿನ ಅಡುಗೆಮನೆಗೂ ಮೇಲಿನ ಬಟ್ಟೆ ಒಣಗಿಸುವ ಬಿಸಿಲುಮಚ್ಚಿಗೂ ನಡುವೆ ಸಿಕ್ಕಿಕೊಂಡ, ಉತ್ತರಕ್ಕೆ ಮುಖ ಮಾಡಿದ ಗೂಡು ಅದು. ಹೆಸರು ‘ಟಿಂಗ್‌ಜಿಜಿಯೆನ್’. ಬೇಸಗೆಯಲ್ಲಿ ಕೆಳಗಿನ ಒಲೆಯ ಕಾವು, ಮೇಲಿನ ಬಿಸಿಲಿನ ಕಾವು. ಚಳಿಗಾಲದಲ್ಲಿ ಉತ್ತರದ ಗಾಳಿ. ಬಾಡಿಗೆ ಕಡಿಮೆಯಾದ್ದರಿಂದ ಊರೂರುಗಳಿಂದ ಬಂದ ಬಡ ಲೇಖಕರು, ವಿದ್ಯಾರ್ಥಿಗಳು ಅಲ್ಲಿ ನೆಲೆಸಿದರು. ‘ಟಿಂಗ್‌ಜಿಜಿಯೆನ್ ಲೇಖಕರು’ ಎಂಬ ಮಾತೇ ಚಾಲ್ತಿಗೆ ಬಂತು. ಆಧುನಿಕ ಚೀನೀ ಸಾಹಿತ್ಯದ ಹಿರಿಯ ಲೂ ಷುನ್ ತನ್ನ ಕಡೆಗಾಲದ ಪ್ರಬಂಧ ಸಂಕಲನಗಳಿಗೆ ಈ ಕೋಣೆಯ ನೆನಪು ಬರುವಂಥ ಹೆಸರನ್ನೇ ಇಟ್ಟ. ಅದರಲ್ಲೊಂದು ಚಮತ್ಕಾರವಿದೆ. ವಿದೇಶೀ ವಸಾಹತಿಗೆ ಚೀನೀ ಭಾಷೆಯಲ್ಲಿರುವ ಎರಡು ಅಕ್ಷರಗಳನ್ನು ಅರ್ಧಕ್ಕೆ ಕತ್ತರಿಸಿ, ಉಳಿದ ಅರ್ಧಗಳಿಂದ ಹೆಸರು ಕಟ್ಟಿದ. ತಾನಿದ್ದ ಬಡಾವಣೆ ಅರ್ಧ ಚೀನಾ, ಅರ್ಧ ವಸಾಹತು ಎಂಬುದು ಅದರ ಕಟಕಿ.

1921ರ ಜುಲೈನಲ್ಲಿ ಫ್ರೆಂಚ್ ವಸಾಹತಿನ ಇಂಥದೇ ಒಂದು ಕಲ್ಲುಬಾಗಿಲಿನ ಮನೆಯಲ್ಲಿ, ಊಟದ ಮೇಜಿನ ಸುತ್ತ ಕುಳಿತು, ಚೀನೀ ಕಮ್ಯುನಿಸ್ಟ್ ಪಕ್ಷದ ಮೊದಲ ಮಹಾಧಿವೇಶನ ಆರಂಭವಾಯಿತು. ಇಂಗ್ಲಿಷ್ ಬಾಡಿಗೆ ಲೆಕ್ಕಾಚಾರದಿಂದ ಹುಟ್ಟಿದ ಮನೆ ಕ್ರಾಂತಿಯ ತೊಟ್ಟಿಲೂ ಆಯಿತು.

ಗೋಡೆಯ ನಡುವೆ ಯಾರು?

ಮನೆಯ ಒಳಗಿನ ಜೋಡಣೆ ನೋಡಿದರೆ ಆ ಮನೆಯವರು ಯಾರಿಗೆ ಹೆಚ್ಚು ಗೌರವ ಕೊಡುತ್ತಾರೆಂದು ತಿಳಿಯುತ್ತದೆ. ಸಾಂಪ್ರದಾಯಿಕ ಚೀನೀ ಹಜಾರಕ್ಕೆ ಒಂದು ನಡುರೇಖೆ ಇರುತ್ತಿತ್ತು. ಬಾಗಿಲಿಗೆ ಎದುರಾದ ಗೋಡೆಯ ನಡುವೆ ಒಂದು ಉದ್ದನೆಯ ಸುರುಳಿಚಿತ್ರ, ಅದರ ಎರಡು ಪಕ್ಕಕ್ಕೂ ಕೈಬರಹದ ಜೋಡಿ ಪಂಕ್ತಿಗಳು. ಕೆಳಗೆ ಗೋಡೆಗೆ ಒತ್ತಿದಂತೆ ಉದ್ದನೆಯ ಎತ್ತರದ ಮೇಜು. ಅಲ್ಲಿ ಪೂರ್ವಿಕರ ಹೆಸರಿನ ಫಲಕ, ಧೂಪ, ಹೂದಾನಿ. ಅದರ ಮುಂದೆ ಎಂಟು ಜನ ಕೂರುವ ಚೌಕ ಮೇಜು. ಮೇಜಿನ ಎಡಬಲಕ್ಕೆ ಎರಡು ಗಂಭೀರವಾದ ಕುರ್ಚಿ. ಒಂದು ಮನೆಯ ಹಿರಿಯನಿಗೆ, ಇನ್ನೊಂದು ಮಾನ್ಯ ಅತಿಥಿಗೆ. ಉಳಿದವರ ಕುರ್ಚಿಗಳು ಎರಡು ಸಾಲಾಗಿ ಎದುರುಬದುರು. ಯಾರು ಎಲ್ಲಿ ಕೂರಬೇಕೆಂಬುದು ಮರದಲ್ಲೇ ಬರೆದಿಟ್ಟಂತಿತ್ತು.

ಪಶ್ಚಿಮದ ಬೈಠಕ್ ಖಾನೆಯ ಕ್ರಮ ಬೇರೆ. ಅಲ್ಲಿ ಸೋಫಾ ಕುರ್ಚಿಗಳು ಬೆಂಕಿಗೂಡಿನ ಸುತ್ತ, ಕಂಬಳಿಯ ಸುತ್ತ, ಮಾತಿನ ಸುತ್ತ ನೆರೆಯುತ್ತವೆ. ಇಬ್ಬರು ಒಂದೇ ಸೋಫಾದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಕುರ್ಚಿಯನ್ನು ಬೇಕಾದತ್ತ ಎಳೆದುಕೊಳ್ಳುತ್ತಾರೆ.

1920ರ ದಶಕದ ಶಾಂಘೈ ಮನೆಗಳಲ್ಲಿ ಈ ಎರಡು ಕ್ರಮಗಳು ಮುಖಾಮುಖಿಯಾದವು. ಮೊದಲು ಬಂದದ್ದು ಗಡಿಯಾರ, ಕನ್ನಡಿ, ವಿದ್ಯುತ್ ದೀಪ. ಆಮೇಲೆ ಸೋಫಾ. ಆಮೇಲೆ ರೇಡಿಯೋ. ಆ ಕಾಲದ ಜಾಹೀರಾತು ಕ್ಯಾಲೆಂಡರುಗಳು ಇದಕ್ಕೆ ಒಳ್ಳೆಯ ಸಾಕ್ಷಿ. ನಮ್ಮಲ್ಲಿ ರವಿವರ್ಮನ ಚಿತ್ರಗಳು ಮನೆಮನೆಯ ಗೋಡೆಗೆ ಬಂದಂತೆ ಅಲ್ಲಿ ಈ ಕ್ಯಾಲೆಂಡರುಗಳು ಬಂದವು. ಮೈಗೊಪ್ಪುವ ಚಿಪಾವೊ ಉಡುಪು ತೊಟ್ಟ ಹೆಣ್ಣೊಬ್ಬಳು ಸೋಫಾದಲ್ಲಿ ಕುಳಿತಿದ್ದಾಳೆ, ಪಕ್ಕದಲ್ಲಿ ಉರಿಯುವ ದೀಪ. ಸಿಗರೇಟನ್ನೋ ಸೋಪನ್ನೋ ಮಾರಲು ಬರೆದ ಆ ಚಿತ್ರಗಳು ಜನಕ್ಕೆ ಹೊಸ ಬಗೆಯ ಮನೆಯ ಆಸೆಯನ್ನೂ ಮಾರಿದವು. ಪೂರ್ವಿಕರ ಫಲಕ ನಿಧಾನವಾಗಿ ಮೇಲಿನ ಕೋಣೆಗೆ ಸರಿಯಿತು. ಇಂದು ಗೋಡೆಯ ಆ ನಡುಜಾಗದಲ್ಲಿರುವುದು ಟೆಲಿವಿಷನ್. ಪೆಟ್ಟಿಗೆ ಬದಲಾದರೂ ಅದರ ನೇರಕ್ಕೆ ನಡುವೆ ಕೂರುವ ಜಾಗ ಇವತ್ತಿಗೂ ತಾತನದೇ.

ಬೊಂಬಾಯಿಯ ಹಣ, ಪ್ಯಾರಿಸಿನ ರೇಖೆ

ಬಹುಮಹಡಿಯ ಅಪಾರ್ಟ್‌ಮೆಂಟುಗಳು ಶಾಂಘೈಗೆ ಬಂದದ್ದು 1920 ಮತ್ತು 30ರ ದಶಕಗಳಲ್ಲಿ. ಇಲ್ಲಿ ನಮ್ಮ ದೇಶದ ಹೆಸರೂ ಬರುತ್ತದೆ, ಹೆಮ್ಮೆಯಿಂದಲೇ ಹೇಳಿಕೊಳ್ಳುವಂತೆ ಅಲ್ಲ. ಬಾಗ್ದಾದಿನಿಂದ ಬಂದು ಬೊಂಬಾಯಿಯಲ್ಲಿ ನೆಲೆನಿಂತ ಯಹೂದಿ ಸಸೂನ್ ಮನೆತನ ಹತ್ತಿ ಮತ್ತು ಅಫೀಮಿನ ವ್ಯಾಪಾರದಲ್ಲಿ ಬೆಳೆಯಿತು. ಭಾರತದ ಹೊಲಗಳಲ್ಲಿ ಬೆಳೆದ ಅಫೀಮು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. ಮುಂಬಯಿಯ ಸಸೂನ್ ಡಾಕ್ ಮತ್ತು ಡೇವಿಡ್ ಸಸೂನ್ ಗ್ರಂಥಾಲಯ ಇಂದಿಗೂ ಆ ಹೆಸರನ್ನು ಉಳಿಸಿವೆ. ಅದೇ ಮನೆತನದ ವಿಕ್ಟರ್ ಸಸೂನ್ 1920ರ ದಶಕದ ಕೊನೆಯ ಹೊತ್ತಿಗೆ ತನ್ನ ಬಂಡವಾಳವನ್ನು ಬೊಂಬಾಯಿಯಿಂದ ಶಾಂಘೈಗೆ ತಿರುಗಿಸಿ, ಅಲ್ಲಿ ದೊಡ್ಡ ದೊಡ್ಡ ಕಟ್ಟಡಗಳನ್ನು ಎಬ್ಬಿಸಿದ. 1929ರಲ್ಲಿ ನದಿದಂಡೆಯ ಮೇಲೆ ತೆರೆದ ಆತನ ಕ್ಯಾಥೇ ಹೋಟೆಲಿನಲ್ಲಿ ಒಂದೊಂದು ದೇಶದ ಶೈಲಿಯಲ್ಲಿ ಅಲಂಕರಿಸಿದ ಕೋಣೆಗಳಿದ್ದವು. ಚೀನೀ ಕೋಣೆ, ಇಂಗ್ಲಿಷ್ ಕೋಣೆ, ಜೊತೆಗೆ ಒಂದು ಭಾರತೀಯ ಕೋಣೆ. ಇಂದು ಅದು ಪೀಸ್ ಹೋಟೆಲ್.

ಆ ದಶಕದ ಶೈಲಿಗೆ ಆರ್ಟ್ ಡೆಕೋ ಎಂದು ಹೆಸರು. 1925ರ ಪ್ಯಾರಿಸ್ ಪ್ರದರ್ಶನದಿಂದ ಜಗತ್ತಿಗೆಲ್ಲ ಹರಡಿದ ಶೈಲಿ ಇದು. ನೇರ ಗೆರೆ, ಮೆಟ್ಟಿಲು ಮೆಟ್ಟಿಲಾದ ಅಂಚು, ಹೊಳೆಯುವ ಮೈ ಇದರ ಗುರುತು. ಮುಂಬಯಿಯ ಮರೀನ್ ಡ್ರೈವಿನಲ್ಲಿ ಓಡಾಡಿದವರು ಇದನ್ನು ಕಂಡಿರುತ್ತಾರೆ. ಹಂಗೆರಿಯಿಂದ ಬಂದ ಲಾಸ್ಲೋ ಹುಡೆಕ್ 1934ರಲ್ಲಿ ಕಟ್ಟಿದ 22 ಅಂತಸ್ತಿನ ಪಾರ್ಕ್ ಹೋಟೆಲ್ ದಶಕಗಳ ಕಾಲ ನಗರದ ಅತಿ ಎತ್ತರದ ಕಟ್ಟಡವಾಗಿತ್ತು. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದ ಫ್ಯಾನ್ ವೆನ್‌ಝಾವೊ ಅವರಂಥ ಚೀನೀ ವಾಸ್ತುಶಿಲ್ಪಿಗಳೂ ಆಗ ಕೆಲಸ ಮಾಡುತ್ತಿದ್ದರು.

ಆರ್ಟ್ ಡೆಕೋ ಚೀನೀ ಮನೆಗೆ ಇಷ್ಟು ಸಲೀಸಾಗಿ ಹೊಂದಿಕೊಂಡದ್ದೇಕೆ? ಚೀನೀ ಕಿಟಕಿಯ ಜಾಲಂದ್ರಗಳಲ್ಲಿ ನೇರ ಗೆರೆಗಳ ಜಾಮಿತಿ ಮೊದಲೇ ಇತ್ತು. ಮರವೊಂದರ ಹಾಲಿನಿಂದ ತೆಗೆದ ಮೆರುಗನ್ನು ಪದರ ಪದರವಾಗಿ ಹಚ್ಚಿ ಕನ್ನಡಿಯಂತೆ ಹೊಳೆಯಿಸುವ ಕಲೆ ಸಾವಿರಾರು ವರ್ಷ ಹಳೆಯದು. ಪ್ಯಾರಿಸಿನ ಕಲಾವಿದರು ತಮ್ಮ ಹೊಸ ಪೀಠೋಪಕರಣಗಳಿಗೆ ಆ ಪೂರ್ವದ ಮೆರುಗನ್ನೇ ಬಳಸಿದ್ದರು. ಹೀಗಾಗಿ ಶಾಂಘೈ ಬಡಗಿಯ ಮುಂದೆ ಪ್ಯಾರಿಸಿನ ನಕ್ಷೆ ಬಂದು ಕುಳಿತಾಗ ಅವನಿಗೆ ಅದು ಪೂರ್ತಿ ಅಪರಿಚಿತವಾಗಿರಲಿಲ್ಲ. ಗಟ್ಟಿ ಕೆಂಪುಮರದಲ್ಲಿ ಬೀರು, ಕನ್ನಡಿಮೇಜು, ಮಂಚಗಳನ್ನು ಅವನು ಹೊಸ ಗೆರೆಯಲ್ಲಿ ಕೆತ್ತಿಕೊಟ್ಟ. ಆಕಾರ ಪಶ್ಚಿಮದ್ದು, ಮರ ಮತ್ತು ಕೈ ಚೀನಾದ್ದು.

ಆ ಫ್ಲಾಟುಗಳ ಬದುಕನ್ನು ಬಲ್ಲವರಲ್ಲಿ ಲೇಖಕಿ ಝಾಂಗ್ ಐಲಿಂಗ್ ಮುಖ್ಯರು. 1936ರಲ್ಲಿ ಕಟ್ಟಿದ ಎಡಿಂಗ್ಟನ್ ಹೌಸ್ ಎಂಬ ಅಪಾರ್ಟ್‌ಮೆಂಟಿನಲ್ಲಿ ಅವರು ಸೋದರತ್ತೆಯ ಜೊತೆ ವಾಸವಾಗಿದ್ದರು. 1943ರಲ್ಲಿ ಅಪಾರ್ಟ್‌ಮೆಂಟ್ ಬದುಕಿನ ಬಗ್ಗೆ ಒಂದು ಪ್ರಬಂಧ ಬರೆದರು. ಕೆಳಗಿನ ಬೀದಿಯ ಟ್ರಾಮಿನ ಸದ್ದು ಕೇಳದಿದ್ದರೆ ತನಗೆ ನಿದ್ದೆಯೇ ಬಾರದು ಎನ್ನುತ್ತಾರೆ ಅದರಲ್ಲಿ. ಅಂಗಳವಿಲ್ಲದ, ಅತ್ತೆಮಾವ ನೆಂಟರಿಷ್ಟರ ಕಣ್ಗಾವಲಿಲ್ಲದ, ಬಾಗಿಲು ಹಾಕಿಕೊಂಡರೆ ತನ್ನಷ್ಟಕ್ಕೆ ತಾನಿರಬಹುದಾದ ಮನೆ ಆ ಕಾಲದ ಹೆಣ್ಣಿಗೆ ಎಷ್ಟು ದೊಡ್ಡ ಸಂಗತಿ ಎಂಬುದು ನಕ್ಷೆಗಳಲ್ಲಿ ಕಾಣುವುದಿಲ್ಲ.

‘ಚೀನೀ’ ಎಂದರೆ ಎಷ್ಟು ಚೀನೀ?

ಇಷ್ಟಕ್ಕೂ ನಾವು ಚೀನೀ ಎಂದು ಬೇರೆಯಾಗಿ ಎತ್ತಿಡುವ ವಸ್ತುಗಳ ಜಾತಕ ಬಿಡಿಸಿದರೆ ಬೆರಕೆ ಅಲ್ಲಿಗೇ ಮೊದಲು ಬಂದಿರುವುದು ತಿಳಿಯುತ್ತದೆ. ಕುರ್ಚಿಯನ್ನೇ ನೋಡಿ. ಹಳೆಯ ಕಾಲದಲ್ಲಿ ಚೀನೀಯರು ನಮ್ಮಂತೆಯೇ ಚಾಪೆಯ ಮೇಲೆ ಕೂರುತ್ತಿದ್ದರು. ಮಡಚುವ ಮಣೆ ಉತ್ತರ ಪಶ್ಚಿಮದ ಅಲೆಮಾರಿಗಳಿಂದ ಬಂತು. ಅದರ ಹೆಸರಿನಲ್ಲೇ ‘ಹೊರಗಿನವರದು’ ಎಂಬ ಅರ್ಥವಿದೆ. ಬೆನ್ನುಳ್ಳ ಕುರ್ಚಿ ಬೌದ್ಧ ಭಿಕ್ಷುಗಳ ಮೂಲಕ ಭಾರತ ಮತ್ತು ಮಧ್ಯ ಏಷ್ಯಾದಿಂದ ಬಂತೆಂದು ವಿದ್ವಾಂಸರು ಹೇಳುತ್ತಾರೆ. ಡುನ್‌ಹುವಾಂಗ್ ಗುಹೆಗಳಲ್ಲಿ ಆರನೆಯ ಶತಮಾನದ ಒಂದು ಭಿತ್ತಿಚಿತ್ರದಲ್ಲಿ ಭಿಕ್ಷುವೊಬ್ಬ ಕುರ್ಚಿಯ ಮೇಲೆ ಕಾಲು ಮಡಿಚಿ ಧ್ಯಾನಕ್ಕೆ ಕುಳಿತಿದ್ದಾನೆ. ಸೊಂಗ್ ಅರಸರ ಕಾಲಕ್ಕೆ, ಅಂದರೆ 960ರಿಂದ 1279ರವರೆಗಿನ ಅವಧಿಯಲ್ಲಿ, ಕುರ್ಚಿ ಮನೆಮನೆಗೆ ಬಂತು. ಕುರ್ಚಿ ಎತ್ತರವಾದ ಮೇಲೆ ಮೇಜು ಎತ್ತರವಾಯಿತು, ಕಿಟಕಿ ಮೇಲೇರಿತು. ಒಂದು ಆಸನ ಇಡೀ ಮನೆಯ ಅಳತೆಯನ್ನೇ ಬದಲಿಸಿತು.

ಅಲ್ಲಿಂದ ಮುಂದೆ, ಮಿಂಗ್ ಅರಸರ ಕಾಲದ ಬಡಗಿಗಳು ಆ ಕುರ್ಚಿಯನ್ನು ಪರಿಪೂರ್ಣತೆಗೆ ಮುಟ್ಟಿಸಿದರು. ಒಂದು ತುಂಡಿನ ಚಾಚನ್ನು ಇನ್ನೊಂದರ ಕುಳಿಗೆ ಸಿಕ್ಕಿಸುವುದರಿಂದಲೇ ಕುರ್ಚಿ ನಿಲ್ಲುತ್ತಿತ್ತು, ಮೊಳೆಯ ಆಸರೆ ಬೇಕಿರಲಿಲ್ಲ. ಬೆನ್ನಿನ ಪಟ್ಟಿ ಬೆನ್ನುಮೂಳೆಯ ಬಾಗಿಗೆ ಸರಿಯಾಗಿ ಬಾಗಿರುತ್ತಿತ್ತು. ಬೀಜಿಂಗಿನಲ್ಲಿದ್ದ ಜರ್ಮನ್ ವಿದ್ವಾಂಸ ಗುಸ್ತಾವ್ ಎಕೆ 1944ರಲ್ಲಿ ಈ ಪೀಠೋಪಕರಣಗಳ ಬಗ್ಗೆ ದೊಡ್ಡ ಗ್ರಂಥ ಹೊರತಂದ. ಅದೇ 1944ರಲ್ಲಿ, ಭೂಗೋಳದ ಇನ್ನೊಂದು ಬದಿಯ ಡೆನ್ಮಾರ್ಕಿನಲ್ಲಿ, ಹಾನ್ಸ್ ವೆಗ್ನರ್ ಎಂಬ ಬಡಗಿ ವಿನ್ಯಾಸಕ ಮಿಂಗ್ ಕುರ್ಚಿಗಳಿಂದ ಸ್ಫೂರ್ತಿ ಪಡೆದು ‘ಚೀನಾ ಕುರ್ಚಿ’ಯನ್ನು ರೂಪಿಸಿದ. 1949ರಲ್ಲಿ ಅದನ್ನೇ ಇನ್ನಷ್ಟು ಹಗುರ ಮಾಡಿ, ಬೆನ್ನಿಗೆ ಕವಲೊಡೆದ ಪಟ್ಟಿ ಕೊಟ್ಟು ಮತ್ತೊಂದು ಕುರ್ಚಿ ಮಾಡಿದ. ಇಂದು ಶಾಂಘೈನ ಫ್ಲಾಟಿನಲ್ಲಿ ಊಟದ ಮೇಜಿನ ಸುತ್ತ ಈ ಕುರ್ಚಿಗಳು ಕಾಣುತ್ತವೆ, ‘ಪಶ್ಚಿಮದ ಶೈಲಿ’ ಎಂಬ ಹೆಸರಿನಲ್ಲಿ!

ಎದುರು ದಿಕ್ಕಿನ ಪ್ರಯಾಣದ ಕಥೆಯೂ ಇದೆ. ಹದಿನೇಳನೆಯ ಶತಮಾನದ ಉತ್ತರಾರ್ಧದಿಂದ ಚೀನಾದಲ್ಲಿ ತಯಾರಾದ, ಮೆರುಗು ಹಚ್ಚಿ ಕೆತ್ತಿ ಬಣ್ಣ ತುಂಬಿದ ಎತ್ತರದ ಮಡಚುತೆರೆಗಳು ಯೂರೋಪಿಗೆ ಹೋದವು. ಈಸ್ಟ್ ಇಂಡಿಯಾ ಕಂಪನಿಗಳ ಹಡಗುಗಳು ಅವನ್ನು ನಮ್ಮ ಚೋಳಮಂಡಲ ಕರಾವಳಿಯ ಬಂದರುಗಳಿಂದ ತುಂಬಿಕೊಂಡು ಹೋದದ್ದರಿಂದ ಅವಕ್ಕೆ ‘ಕೋರಮಂಡಲ್ ತೆರೆ’ ಎಂದೇ ಹೆಸರು ಬಿತ್ತು. ಚೀನಾದಲ್ಲಿ ಹುಟ್ಟಿ, ತಮಿಳು ತೆಲುಗು ನಾಡಿನ ಹೆಸರು ಹೊತ್ತು, ಯೂರೋಪಿನ ಹಜಾರಗಳಲ್ಲಿ ನಿಂತ ವಸ್ತು! ಪ್ಯಾರಿಸಿನ ಉಡುಪು ವಿನ್ಯಾಸಕಿ ಕೊಕೊ ಶನೆಲ್ ಕಾಂಬೊ ಬೀದಿಯ ತನ್ನ ಅಪಾರ್ಟ್‌ಮೆಂಟಿನ ಗೋಡೆಗಳಿಗೆ ಈ ತೆರೆಗಳನ್ನೇ ಹೊದಿಸಿದ್ದಳು.

ಹೊರಗಿನ ವಸ್ತುವಿನ ಈ ಸೆಳೆತ ಕನ್ನಡ ನಾಡಿಗೂ ಹಳೆಯದೇ. ವಿಜಯನಗರದ ಉತ್ಖನನಗಳಲ್ಲಿ ಚೀನಾದ ನಯವಾದ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಅವು ಸಿಕ್ಕ ಜಾಗಗಳಲ್ಲಿ ಸಿರಿವಂತ ವರ್ತಕರು ವಾಸವಿದ್ದಿರಬಹುದು ಎಂಬುದು ಪುರಾತತ್ವಜ್ಞರ ಊಹೆ.

ಹಂಚಿಕೊಂಡ ಮನೆ, ಬರಿಗೋಡೆಯ ಮನೆ

1949ರ ಕ್ರಾಂತಿಯ ನಂತರ ಶಾಂಘೈನ ಚೆಂದದ ಮನೆಗಳ ಪಾಡು ಬದಲಾಯಿತು. ಒಂದು ಕುಟುಂಬಕ್ಕೆಂದು ಕಟ್ಟಿದ ಶಿಕುಮೆನ್‌ಗಳಲ್ಲಿ, ಆರ್ಟ್ ಡೆಕೋ ಫ್ಲಾಟುಗಳಲ್ಲಿ, ಕೋಣೆಗೊಂದು ಸಂಸಾರ ಬಂದು ನೆಲೆಸಿತು. ಹಾಗೆ ನೋಡಿದರೆ ಮನೆ ಹೋಳಾಗುವುದು ಕ್ರಾಂತಿಗೂ ಮೊದಲೇ ಆರಂಭವಾಗಿತ್ತು. ಯುದ್ಧಕಾಲದ ನಿರಾಶ್ರಿತರಿಗೆ ಕೋಣೆಗಳನ್ನು ಬಿಡಿಬಿಡಿಯಾಗಿ ಬಾಡಿಗೆಗೆ ಕೊಡುವವರಿದ್ದರು. 1978ರಲ್ಲಿ ಚೀನಾದ ನಗರವಾಸಿಗೆ ತಲಾ ಸಿಗುತ್ತಿದ್ದ ವಾಸದ ಜಾಗ ಸರಾಸರಿ 3.6 ಚದರ ಮೀಟರು, ಅಂದರೆ ಸುಮಾರು 39 ಚದರ ಅಡಿ. ಒಂದು ಜೋಡಿಮಂಚ ಹಾಕಿದರೆ ತುಂಬಿಹೋಗುವಷ್ಟು. ಹಂಚಿಕೊಂಡ ಅಡುಗೆಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಲ್ಬು, ಒಂದೊಂದು ಮೀಟರು. ಯಾರು ಒಲೆ ಹೊತ್ತಿಸುತ್ತಾರೋ ಅವರು ತಮ್ಮ ಬಲ್ಬಿನ ಸ್ವಿಚ್ಚು ಹಾಕಬೇಕು. ಹಳೆಯ ಶಿಕುಮೆನ್‌ಗಳಲ್ಲಿ ಪಾಯಖಾನೆ ಇರಲೇ ಇಲ್ಲ. ಮುಚ್ಚಳವಿರುವ ಮರದ ಮಡಿಕೆಗಳನ್ನು ಬೆಳಗಿನ ಜಾವ ಹೊರಗೆ ಒಯ್ದು ಖಾಲಿ ಮಾಡಿ ಉಜ್ಜುವುದು ಹೆಂಗಸರ ದಿನದ ಮೊದಲ ಕೆಲಸವಾಗಿತ್ತು. ಹಳೆಯ ಓಣಿಗಳ ಸೊಬಗನ್ನು ಹೊಗಳುವವರು ಈ ಮಡಿಕೆಯನ್ನೂ ನೆನೆಯುವುದು ನ್ಯಾಯ.

1998ರಲ್ಲಿ ಚೀನಾ ಸರ್ಕಾರ ನೌಕರರಿಗೆ ಮನೆ ಹಂಚುವ ಪದ್ಧತಿಯನ್ನು ನಿಲ್ಲಿಸಿತು. ಜನ ಮನೆಯನ್ನು ಕೊಳ್ಳಬೇಕಾಯಿತು. ಮಾರಾಟಕ್ಕೆ ಬಂದ ಬಹಳಷ್ಟು ಫ್ಲಾಟುಗಳು ಬರಿಯ ಸಿಮೆಂಟಿನ ಗೂಡುಗಳು. ನೆಲಕ್ಕೆ ಟೈಲಿಲ್ಲ, ಒಳಗೆ ಬಾಗಿಲಿಲ್ಲ, ಬಚ್ಚಲಲ್ಲಿ ನಲ್ಲಿಯಿಲ್ಲ. ಕೊಂಡವರೇ ಎಲ್ಲವನ್ನೂ ಮಾಡಿಸಿಕೊಳ್ಳಬೇಕು. ತಲೆಮಾರುಗಳಿಂದ ಸರ್ಕಾರ ಕೊಟ್ಟ ಕೋಣೆಯಲ್ಲಿದ್ದ ಲಕ್ಷಾಂತರ ಕುಟುಂಬಗಳು ‘ನಮ್ಮ ಮನೆ ಹೇಗಿರಬೇಕು’ ಎಂದು ಮೊಟ್ಟಮೊದಲ ಬಾರಿಗೆ ಯೋಚಿಸಬೇಕಾಯಿತು. ಅದೇ ವರ್ಷ ಸ್ವೀಡನ್ನಿನ ಐಕಿಯಾ ಕಂಪನಿ ಚೀನಾದ ತನ್ನ ಮೊದಲ ಮಳಿಗೆಯನ್ನು ಶಾಂಘೈನಲ್ಲಿ ತೆರೆಯಿತು. ಬೆಂಗಳೂರಿನ ನಾಗಸಂದ್ರಕ್ಕೆ ಅದು ಬಂದದ್ದು 2022ರಲ್ಲಿ.

ಮೊದಲು ಹಬ್ಬಿದ್ದು ‘ಯೂರೋಪ್ ಶೈಲಿ’ಯ ಹುಚ್ಚು. ಎಂಟಡಿ ಎತ್ತರದ ಹಜಾರಕ್ಕೆ ರೋಮನ್ ಕಂಬ, ಚಿನ್ನದ ಬಣ್ಣದ ಪ್ಲಾಸ್ಟರ್ ಹೂಬಳ್ಳಿ, ತಲೆಗೆ ತಗಲುವಂಥ ಗಾಜಿನ ತೂಗುದೀಪ. ಅರಮನೆಯ ಅಲಂಕಾರವನ್ನು ಅರಮನೆಯ ಅಳತೆಯಿಲ್ಲದೆ ತಂದರೆ ಆಗುವ ಅವಸ್ಥೆ ಇದು. ಅದಕ್ಕೆ ಪ್ರತಿಯಾಗಿ ಬಂದದ್ದು ‘ಹೊಸ ಚೀನೀ ಶೈಲಿ’. ಕೆಂಪು ಲಾಟೀನು, ಜಾಲಂದ್ರದ ಚೌಕಟ್ಟು, ಗೋಡೆಗೆ ಬುದ್ಧನ ತಲೆ. ಚಹಾ ಅಂಗಡಿಗೂ ಮನೆಗೂ ವ್ಯತ್ಯಾಸ ತಿಳಿಯದಂತಾಯಿತು. ಎರಡರಲ್ಲೂ ಇದ್ದ ದೋಷ ಒಂದೇ. ಆ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಏನು ಬೇಯಿಸುತ್ತಾರೆ ಎಂದು ಯಾರೂ ಕೇಳಿರಲಿಲ್ಲ.

ಗೆದ್ದ ಬೆರಕೆಗಳು ಹೆಸರಿಲ್ಲದವು. ಬಾಗಿಲ ಬಳಿ ಚಪ್ಪಲಿ ಬಿಡಲು ಪುಟ್ಟ ಜಾಗ, ಅಲ್ಲೊಂದು ಅಡ್ಡತೆರೆ. ಹಳೆಯ ಮನೆಯಲ್ಲಿ ಹೊರಗಿನವರ ಕಣ್ಣು ನೇರವಾಗಿ ಒಳಗೆ ಬೀಳದಂತೆ ಕಟ್ಟುತ್ತಿದ್ದ ಮರೆಗೋಡೆಯ ಮರಿ ಅದು. ದಕ್ಷಿಣಕ್ಕೆ ಕಿಟಕಿಯಿರುವ ಬಿಸಿಲಿನ ಕೋಣೆ ವಯಸ್ಸಾದ ತಂದೆತಾಯಿಗೆ. ನಾಜೂಕಾದ ಡೇನಿಷ್ ಸೋಫಾದ ಪಕ್ಕದಲ್ಲಿ ಅಜ್ಜಿಯ ಮದುವೆಯ ಕರ್ಪೂರಮರದ ಪೆಟ್ಟಿಗೆ. ಮತ್ತೆ, ಎರಡು ಅಡುಗೆಕೋಣೆಗಳ ನಡುವಿನ ಆ ಗಾಜಿನ ಬಾಗಿಲು. ಶಾಂಘೈನಲ್ಲಿ 2004ರಲ್ಲಿ ಕಚೇರಿ ತೆರೆದ ಲಿಂಡನ್ ನೇರಿ ಮತ್ತು ರೊಸಾನಾ ಹೂ ದಂಪತಿಯ ಕೆಲಸ ಈ ದಾರಿಯಲ್ಲಿ ಹೆಸರು ಮಾಡಿದೆ. ಹಳೆಯ ಓಣಿಮನೆಯನ್ನು ಹೊಸದಾಗಿಸುವಾಗ ಅವರು ಕಣ್ಣಿಟ್ಟದ್ದು ಓಣಿ, ಅಂಗಳ ಮತ್ತು ಅರ್ಧಮಹಡಿಯ ಕೋಣೆಗಳ ನಡುವಿನ ಓಡಾಟದ ಮೇಲೆ. ಲಾಟೀನು ನೇತುಹಾಕುವ ಗೋಜಿಗೆ ಹೋಗಲಿಲ್ಲ.

ಬೆಲೆ ತೆರುವವರು

ಮನೆಯ ಅಲಂಕಾರ ಮನೆಯೊಳಗೇ ಮುಗಿಯುವುದಿಲ್ಲ. ಹಣ ಬಂದಂತೆ ಚೀನೀಯರಲ್ಲಿ ‘ಹೊಂಗ್ಮು’, ಅಂದರೆ ಕೆಂಪುಮರದ ಪೀಠೋಪಕರಣಗಳ ಆಸೆ ಮರಳಿತು. ಯಾವ ಮರ ಹೊಂಗ್ಮು ಎಂದು ಹೇಳಲು 2000ದಲ್ಲಿ ಚೀನಾ ಒಂದು ರಾಷ್ಟ್ರೀಯ ಮಾನದಂಡ ಪ್ರಕಟಿಸಿತು. ಅದರಲ್ಲಿದ್ದ 33 ಜಾತಿಗಳಲ್ಲಿ ನಮ್ಮ ಪಶ್ಚಿಮಘಟ್ಟದ ಬೀಟೆಯೂ ಒಂದು. ಚಕ್ರವರ್ತಿಗಳ ಮರ ಎಂದು ಹೆಸರಾದ, ಅತ್ಯಂತ ಬೆಲೆಬಾಳುವ ‘ಜಿತಾನ್’ ಎಂದರೆ ರಕ್ತಚಂದನ. ಅದು ಮುಖ್ಯವಾಗಿ ಬೆಳೆಯುವುದು ಆಂಧ್ರದ ಕಡಪ ಚಿತ್ತೂರು ಸೀಮೆಯ ಗುಡ್ಡಗಳಲ್ಲಿ. 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡಿದೆ. ಆದರೂ ತರಕಾರಿಯ ಕೆಳಗೆ ಬಚ್ಚಿಟ್ಟ ರಕ್ತಚಂದನದ ದಿಮ್ಮಿಗಳು ಸಿಕ್ಕಿಬಿದ್ದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಎಲ್ಲೋ ದೂರದ ಒಂದು ಹಜಾರದಲ್ಲಿ ಗಂಭೀರವಾಗಿ ಕೂರಬೇಕಾದ ಕುರ್ಚಿಗಾಗಿ ಇಲ್ಲಿ ಮರ ಉರುಳುತ್ತದೆ, ಕೂಲಿಯಾಳು ಜೈಲು ಸೇರುತ್ತಾನೆ.

ಇನ್ನೊಂದು ಬೆಲೆ ಶಾಂಘೈ ಊರೇ ತೆತ್ತದ್ದು. 1990ರ ದಶಕದಿಂದೀಚೆಗೆ ಕಲ್ಲುಬಾಗಿಲಿನ ಓಣಿಗಳು ಸಾಲುಸಾಲಾಗಿ ನೆಲಸಮವಾದವು. ಅಲ್ಲಿದ್ದವರಲ್ಲಿ ಬಹುಮಂದಿ ಊರಂಚಿನ ಎತ್ತರದ ಕಟ್ಟಡಗಳಿಗೆ ಹೋದರು. ಕಮ್ಯುನಿಸ್ಟ್ ಪಕ್ಷ ಹುಟ್ಟಿದ ಮನೆಯ ನೆರೆಯ ಓಣಿಗಳು ಮಾತ್ರ ಬೇರೆ ರೀತಿಯಲ್ಲಿ ಉಳಿದವು. ಅಮೆರಿಕದ ವಾಸ್ತುಶಿಲ್ಪಿ ಬೆಂಜಮಿನ್ ವುಡ್ ರೂಪಿಸಿದಂತೆ, ಅಲ್ಲಿನ ಇಟ್ಟಿಗೆ ಗೋಡೆಗಳನ್ನೂ ಕಲ್ಲುಬಾಗಿಲುಗಳನ್ನೂ ಇರಿಸಿಕೊಂಡು ಒಳಗೆಲ್ಲ ಹೊಸದಾಗಿ ಮಾಡಿ, 2001ರಲ್ಲಿ ಶಿನ್‌ಟಿಯೆನ್‌ಡಿ ಎಂಬ ಹೆಸರಿನ ಹೋಟೆಲು ಅಂಗಡಿಗಳ ಬೀದಿ ಮಾಡಿದರು. ನೋಡಲು ಅಚ್ಚುಕಟ್ಟಾಗಿದೆ, ಜನ ಮುಗಿಬಿದ್ದು ಬರುತ್ತಾರೆ. ಆದರೆ ಆ ಬಾಗಿಲುಗಳ ಹಿಂದೆ ಈಗ ಸಂಸಾರಗಳಿಲ್ಲ. ಹೋದ ಸಂಸಾರಗಳಿಗೆ ದಕ್ಕಿದ್ದು ಸ್ವಂತದ ನಲ್ಲಿ, ಸ್ವಂತದ ಪಾಯಖಾನೆ, ಲಿಫ್ಟು. ಕಳೆದುಕೊಂಡದ್ದು ಸಂಜೆ ಕುರ್ಚಿ ಹಾಕಿ ಕೂರುತ್ತಿದ್ದ ಓಣಿ. ಯಾವುದು ಹೆಚ್ಚು ಎಂಬುದನ್ನು ಬೆಳಗಿನ ಜಾವ ಮಡಿಕೆ ಉಜ್ಜಿದವರೇ ಹೇಳಬೇಕು, ಕಾಫಿ ಕುಡಿಯಲು ಬಂದ ನಾವು ಹೇಳಲಾಗದು.

ಇಂದು ಬೆಂಗಳೂರಿನ ಫ್ಲಾಟುಗಳಲ್ಲೂ ತೆರೆದ ಅಡುಗೆಮನೆ ಬಂದಿದೆ. ಒಗ್ಗರಣೆ ಹಾಕುವಾಗ ಬಾಲ್ಕನಿಯ ಬಾಗಿಲು ತೆಗೆಯಲು ಓಡುವವರಿದ್ದಾರೆ. ಮನೆಯ ಒಳಾಂಗಣ ಮಾಡಿಸಲು ಹೊರಟವರು ಬಣ್ಣದ ಪಟ್ಟಿ, ಚಿತ್ರದ ಪುಸ್ತಕ ತೆರೆಯುವ ಮೊದಲು ಶಾಂಘೈನ ಆ ಗಾಜಿನ ಬಾಗಿಲನ್ನು ಒಮ್ಮೆ ನೆನೆಯಬಹುದು. ಅದನ್ನು ಇಡಿಸಿದ ಮನೆಯವರು ‘ಯಾವ ಶೈಲಿ’ ಎಂದು ಕೇಳುವ ಮೊದಲು ‘ಇವತ್ತು ಅಡುಗೆ ಮಾಡುವವರು ಯಾರು’ ಎಂದು ಕೇಳಿಕೊಂಡಿದ್ದರು.